ಸವಳು ಹಿಡಿದ ಹೊಲ ಮತ್ತು ನಾಟಿ ಔಷಧಿ: ಹತ್ತು ಜನ ಸೇರಿ ಮೊದಲು ಏನು ಕಲಿಯಬೇಕು?

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಕಾರಟಗಿ ತಾಲ್ಲೂಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ನಾಲ್ಕು ಎಕರೆ ಹೊಲವಿದ್ದು, ಬಹಳ ವರ್ಷಗಳಿಂದ ಎರಡು ಬೆಳೆ ಭತ್ತವನ್ನೇ ನೆಚ್ಚಿಕೊಂಡಿದ್ದೆವು. ಈಗ ತಗ್ಗಿನ ಎರಡು ಎಕರೆ ಎರೆ (ಕಪ್ಪು ಮಣ್ಣಿನ) ಭೂಮಿ ಸವಳು ಹಿಡಿದು, ಬಳ್ಳಾರಿ ಜಾಲಿ ಬೆಳೆದು ಬೀಳು ಬಿದ್ದಿದೆ. ಮೇಲಿನ ಎರಡು ಎಕರೆ ಮಸಾರಿ, ಅಂದರೆ ಕೆಂಪು ಮಣ್ಣು. ಸಾಲ ತೀರಿಲ್ಲ. ನಮ್ಮ ಸ್ವಸಹಾಯ ಸಂಘದ ಹತ್ತು ಮಹಿಳೆಯರು ಸೇರಿ ನಾಟಿ ಔಷಧಿ ಕಲಿತು, ಗಿಡಮೂಲಿಕೆ ಬೆಳೆದು, ತೈಲ, ಪುಡಿ ಮಾಡಿ ಮಾರಿದರೆ ಹೊಲ ಚೇತರಿಸಿಕೊಳ್ಳಬಹುದೇ? ಒಂದು ಕಂಪನಿಯವರು ಅಶ್ವಗಂಧ ಮತ್ತು ಲೋಳೆಸರದ ಸಸಿ ಕೊಟ್ಟು, ಬೆಳೆಯನ್ನು ತಾವೇ ಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ಎಲ್ಲಿಂದ ಆರಂಭಿಸಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಹೊಲದ ಮಾತು, ಕಲಿಕೆಯ ಮಾತು ಮತ್ತು ಮಾರಾಟದ ಮಾತು ಒಟ್ಟಿಗೆ ಬಂದಿವೆ. ನಮ್ಮ ಕಡೆ ಇಂಥ ಪ್ರಯತ್ನಗಳು ಸೋಲುವುದು ಹೆಚ್ಚಾಗಿ ಈ ಮೂರರ ಅನುಕ್ರಮ ತಲೆಕೆಳಗಾಗುವುದರಿಂದ: ಮೊದಲು ಸಸಿ ಕೊಳ್ಳುತ್ತಾರೆ, ಆಮೇಲೆ ಕೊಳ್ಳುವವರನ್ನು ಹುಡುಕುತ್ತಾರೆ, ಬೆಳೆ ಕೈಕೊಟ್ಟ ಮೇಲೆ ಮಣ್ಣು ಪರೀಕ್ಷೆಗೆ ಹೋಗುತ್ತಾರೆ. ಔಷಧಿ ಸಸ್ಯಗಳು ಸವಳು ಭೂಮಿಯನ್ನು ತಾವಾಗಿ ಗುಣಪಡಿಸುವುದಿಲ್ಲ, ಮೊದಲ ಎರಡು ವರ್ಷ ಅವುಗಳಿಂದ ಹೇಳಿಕೊಳ್ಳುವಂಥ ಆದಾಯವೂ ಬರುವುದಿಲ್ಲ. ಆದರೆ ಹತ್ತು ಜನ ಸೇರಿ ಸರಿಯಾಗಿ ಕಲಿತರೆ ದನಕರುಗಳ ಔಷಧಿ ಖರ್ಚು ಮತ್ತು ಬೆಳೆಗೆ ಹೊಡೆಯುವ ಕೀಟನಾಶಕದ ಖರ್ಚು ಕಡಿಮೆಯಾಗುತ್ತದೆ, ಮಸಾರಿ ಹೊಲಕ್ಕೆ ಹೊಸ ಬೆಳೆಯೊಂದು ಸಿಗುತ್ತದೆ. ಸಾಲವಿರುವ ಮನೆಗೆ ಉಳಿತಾಯದ ಈ ಭಾಗ ಮಾರಾಟದ ಲಾಭಕ್ಕಿಂತ ಬೇಗ ಕೈಸೇರುತ್ತದೆ ಎಂಬುದನ್ನು ಸಂಘದ ಸಭೆಯಲ್ಲಿ ಮೊದಲೇ ಒಪ್ಪಿಕೊಂಡು ಮುಂದುವರಿಯಿರಿ.

ತಗ್ಗಿನ ಎರಡು ಎಕರೆಯ ರೋಗ ಯಾವುದೆಂದು ಮೊದಲು ತಿಳಿಯಬೇಕು. ನಾವು ಸವಳು, ಚೌಳು ಎಂದು ಒಂದೇ ಉಸಿರಿನಲ್ಲಿ ಹೇಳುವ ಭೂಮಿಯಲ್ಲಿ ಕನಿಷ್ಠ ಎರಡು ಬಗೆಗಳಿವೆ. ಲವಣ ಹೆಚ್ಚಾದ ಮಣ್ಣಿನಲ್ಲಿ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿರುತ್ತದೆ, ರಸಸಾರ (ಪಿಎಚ್) ಸಾಮಾನ್ಯವಾಗಿ 8.5ರೊಳಗೇ ಇರುತ್ತದೆ, ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪುಡಿ ಕಾಣಿಸಿಕೊಳ್ಳುವುದು ಇಲ್ಲಿ. ಸೋಡಿಯಂ ಹೆಚ್ಚಾದ ಕ್ಷಾರ ಮಣ್ಣಿನಲ್ಲಿ ರಸಸಾರ 8.5ಕ್ಕಿಂತ ಮೇಲಿದ್ದು, ಮಳೆ ಬಂದರೆ ಅಂಟಾಗಿ ನೀರು ಇಂಗದೆ ನಿಂತು, ಒಣಗಿದಾಗ ಹೆಂಟೆ ಕಲ್ಲಿನಂತಾಗುತ್ತದೆ. ಸವಳಿಗೆಂದು ಹಾಕುವ ಜಿಪ್ಸಂ ಪುಡಿ ಕೆಲಸ ಮಾಡುವುದು ಎರಡನೆಯದಕ್ಕೆ ಮಾತ್ರ. ಮೊದಲನೆಯದಕ್ಕೆ ಜಿಪ್ಸಂ ಹಾಕುವುದೆಂದರೆ ಹಣವನ್ನು ಕಾಲುವೆಗೆ ಸುರಿದಂತೆ. ಅಲ್ಲಿ ಬೇಕಾಗಿರುವುದು ಸಿಹಿನೀರು ನಿಲ್ಲಿಸಿ ಲವಣವನ್ನು ಕೆಳಗಿಳಿಸುವುದು ಮತ್ತು ಆ ನೀರು ಹೊರಹೋಗಲು ಬಸಿಗಾಲುವೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲವಣಪೀಡಿತ ಭೂಮಿಯ ನಿರ್ವಹಣೆಗಾಗಿಯೇ ಅಖಿಲ ಭಾರತ ಸಂಶೋಧನಾ ಯೋಜನೆಯ ಒಂದು ಘಟಕವಿದೆ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವೂ ಗಂಗಾವತಿಯಲ್ಲೇ ಇದೆ. ನಿಮ್ಮ ಊರಿಗೆ ಇಷ್ಟು ಹತ್ತಿರದಲ್ಲಿ ಸಲಹೆ ಸಿಗುವಾಗ ಊಹೆಯ ಮೇಲೆ ಖರ್ಚು ಮಾಡಬೇಡಿ. ಬೇಸಿಗೆಯಲ್ಲಿ, ಕಾಲುವೆಗೆ ನೀರು ಬಿಡುವ ಮುಂಚೆ, ಹೊಲದ ಹಲವು ಕಡೆಯಿಂದ ಮೇಲಿನ 15 ಸೆಂಟಿಮೀಟರ್ ಮಣ್ಣನ್ನು ಒಂದು ಚೀಲಕ್ಕೂ, 15ರಿಂದ 30 ಸೆಂಟಿಮೀಟರ್ ಆಳದ ಮಣ್ಣನ್ನು ಇನ್ನೊಂದು ಚೀಲಕ್ಕೂ ತೆಗೆದು, ಮಸಾರಿಯ ಮಣ್ಣನ್ನು ಇವುಗಳೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಒಯ್ಯಿರಿ. ಕೊಳವೆಬಾವಿ ಇದ್ದರೆ ಅದರ ನೀರನ್ನೂ ಪರೀಕ್ಷೆಗೆ ಕೊಡಿ.

ವರದಿ ಏನೇ ಬಂದರೂ ಬಸಿಗಾಲುವೆಯ ವಿಚಾರ ತಪ್ಪುವುದಿಲ್ಲ, ಅದು ನಿಮ್ಮೊಬ್ಬರ ಹೊಲದ ಗಡಿಯಲ್ಲಿ ಮುಗಿಯುವುದೂ ಇಲ್ಲ. ಮೇಲಿನ ಹೊಲದವರು ವರ್ಷವಿಡೀ ನೀರು ನಿಲ್ಲಿಸಿದರೆ ಕೆಳಗಿನ ಹೊಲ ನೀರು ಜಿನುಗಿ ಜವಳಾಗಿಯೇ ಇರುತ್ತದೆ, ಆದ್ದರಿಂದ ಅಕ್ಕಪಕ್ಕದವರನ್ನು ಕೂರಿಸಿಕೊಂಡು ಮಾತನಾಡುವುದು ಗಿಡ ನೆಡುವುದಕ್ಕಿಂತ ಮೊದಲ ಕೆಲಸ. ಬಳ್ಳಾರಿ ಜಾಲಿಯನ್ನು ಬುಡಸಮೇತ ಕೀಳಿಸಬೇಕು. ಮೇಲೆ ಕಡಿದರೆ ಅದು ಇನ್ನಷ್ಟು ಪೊದೆಯಾಗಿ ಚಿಗುರುತ್ತದೆ. ಮೊದಲ ಮುಂಗಾರಿನಲ್ಲಿ ಅಲ್ಲಿ ಡಯಂಚ ಬಿತ್ತಿ, ಸುಮಾರು 45 ದಿನಕ್ಕೆ, ಹೂ ಬಿಡುವ ಹೊತ್ತಿಗೆ, ಮಣ್ಣಿಗೆ ಸೇರಿಸಿ. ಅದು ಲವಣವನ್ನೂ ನಿಂತ ನೀರನ್ನೂ ತಾಳಿಕೊಂಡು ಬೆಳೆಯುವ ಹಸಿರೆಲೆ ಗೊಬ್ಬರ. ಬದುವಿನ ಮೇಲೆ ಹೊಂಗೆ ಮತ್ತು ಬೇವು, ಬಸಿಗಾಲುವೆಯ ಅಂಚಿಗೆ ಲಾವಂಚ ನೆಡಬಹುದು. ಲಾವಂಚದ ಬೇರಿಗೆ ಬೆಲೆ ಇದೆಯೆಂದು ಆ ಅಂಚಿನ ಲಾವಂಚವನ್ನು ಅಗೆಯಲು ಹೋಗಬೇಡಿ. ಬೇರು ಕಿತ್ತ ಕಡೆ ಮೊದಲ ಮಳೆಗೇ ಅಂಚು ಕುಸಿಯುತ್ತದೆ. ಪಾಮರೋಸಾ ಹುಲ್ಲು ಕೂಡ ಕ್ಷಾರವನ್ನು ಸಾಕಷ್ಟು ತಾಳುತ್ತದೆಯಾದರೂ, ಎಣ್ಣೆ ತೆಗೆಯುವ ಭಟ್ಟಿ ಹತ್ತಿರದಲ್ಲಿಲ್ಲದಿದ್ದರೆ ಎರಡು ಎಕರೆ ಹುಲ್ಲಿನಿಂದ ಏನೂ ಗಿಟ್ಟುವುದಿಲ್ಲ. ಈ ಎರಡು ಎಕರೆಯಿಂದ ಸದ್ಯಕ್ಕೆ ಔಷಧಿಯನ್ನೂ ಆದಾಯವನ್ನೂ ನಿರೀಕ್ಷಿಸಬೇಡಿ.

ನಾಟಿ ಔಷಧಿ ಕಲಿಯಲು ಹೊರಟ ಹೆಚ್ಚಿನವರು ಗಮನಿಸದ ಇನ್ನೊಂದು ವಿಚಾರವಿದೆ. ಕಾಮಾಲೆಗೆ ಹೆಸರಾದ ನೆಲನೆಲ್ಲಿ, ತಲೆಗೂದಲಿನ ಎಣ್ಣೆಗೆ ಬಳಸುವ ಗರುಗ, ಒಂದೆಲಗ, ನೀರುಬ್ರಾಹ್ಮಿ ಇವೆಲ್ಲ ಭತ್ತದ ಗದ್ದೆಯ ಬದುವಿನಲ್ಲಿ, ಕಾಲುವೆಯ ನೀರು ಜಿನುಗುವ ಕಡೆ ತಾವಾಗಿ ಬೆಳೆಯುವ ಗಿಡಗಳು. ತುಂಗಭದ್ರಾ ಅಚ್ಚುಕಟ್ಟಿನ ಭತ್ತಕ್ಕೆ ಒಂದು ಹಂಗಾಮಿನಲ್ಲಿ ಎಷ್ಟು ಸಲ ಕೀಟನಾಶಕ, ಕಳೆನಾಶಕ ಬೀಳುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಬದುವಿನ ನೆಲನೆಲ್ಲಿಯನ್ನು ಕಿತ್ತು, ಅರೆದು, ಯಕೃತ್ತು ಕೆಟ್ಟಿರುವ ರೋಗಿಗೆ ಕುಡಿಸುವುದು ಔಷಧಿ ಕೊಟ್ಟಂತಾಗುವುದಿಲ್ಲ. ಸಾವಯವ ದೃಢೀಕರಣದ ರಾಷ್ಟ್ರೀಯ ನಿಯಮಗಳು ವಾರ್ಷಿಕ ಬೆಳೆಗಳಿಗೆ ಬಿತ್ತನೆಗೆ ಮುಂಚೆ ರಾಸಾಯನಿಕ ಬಳಸದ ಎರಡು ವರ್ಷಗಳ ಪರಿವರ್ತನಾ ಅವಧಿಯನ್ನು ಕೇಳುತ್ತವೆ. ಪ್ರಮಾಣಪತ್ರ ನಿಮಗೆ ಬೇಕಿರಲಿ ಬೇಡದಿರಲಿ, ಔಷಧಿಗೆಂದು ಮೀಸಲಿಡುವ ತುಂಡು ನೆಲಕ್ಕೆ ಈ ಎರಡು ವರ್ಷದ ಲೆಕ್ಕವನ್ನು ನೀವೇ ಹಾಕಿಕೊಳ್ಳಿ. ಆ ತುಂಡು ಮೇಲಿನ ಮಸಾರಿಯಲ್ಲಿರಲಿ, ಅಕ್ಕಪಕ್ಕದ ಗದ್ದೆಯ ಸಿಂಪರಣೆ ಗಾಳಿಯಲ್ಲಿ ತೇಲಿಬರದಷ್ಟು ದೂರದಲ್ಲಿರಲಿ, ಮೇಲಿನ ಗದ್ದೆಗಳಿಂದ ಹರಿದುಬರುವ ನೀರು ಅದಕ್ಕೆ ನುಗ್ಗದಿರಲಿ.

ಈಗ ಕಲಿಕೆಗೆ ಬರೋಣ. ಮದ್ದು ತಯಾರಿಸುವುದಕ್ಕೆ ಮುಂಚೆ ಗಿಡ ಗುರುತಿಸುವುದನ್ನು ಕಲಿಯಬೇಕು, ಗುಣಕೊಡುವ ಗಿಡಕ್ಕಿಂತ ಮುಂಚೆ ಕೊಲ್ಲುವ ಗಿಡವನ್ನು ಗುರುತಿಸುವುದನ್ನು ಕಲಿಯಬೇಕು. ಗುಲಗಂಜಿಯ ಬೀಜ, ದತ್ತೂರಿ, ಕಣಗಿಲ, ಗೌರಿಹೂವಿನ ಗೆಡ್ಡೆ, ಎಕ್ಕೆಯ ಹಾಲು ಇವು ನಿಮ್ಮ ಹೊಲದ ಬದುವಿನಲ್ಲೋ ಗುಡಿಯ ಅಂಗಳದಲ್ಲೋ ಇರುವಂಥವೇ. ಕಣಗಿಲದ ಎಲೆ ಹೃದಯದ ಬಡಿತವನ್ನೇ ಕೆಡಿಸುತ್ತದೆ, ಎಕ್ಕೆಯ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೆ ಅಪಾಯ. ಇವುಗಳಿಗಿಂತ ಮೋಸದ್ದು ಈಶ್ವರಿ ಬಳ್ಳಿ. ಹಾವಿನ ವಿಷಕ್ಕೆ, ಹೊಟ್ಟೆಹುಳಕ್ಕೆ ಎಂದು ಅದನ್ನೂ, ಎರೆ ಹೊಲದಲ್ಲಿ ನೆಲಕ್ಕೆ ಹಬ್ಬುವ ಅದರ ಕುಲದ ಇನ್ನೊಂದು ಬಳ್ಳಿಯನ್ನೂ ಹಳ್ಳಿಗಳಲ್ಲಿ ಇಂದಿಗೂ ಕೊಡುತ್ತಾರೆ. ಆ ಕುಲದ ಗಿಡಗಳಲ್ಲಿರುವ ಅರಿಸ್ಟೊಲೊಕಿಕ್ ಆಮ್ಲ ಮೂತ್ರಪಿಂಡವನ್ನು ಹಾಳುಮಾಡುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ. ಕುಡಿದ ದಿನ ಏನೂ ಆಗುವುದಿಲ್ಲವಾದ್ದರಿಂದ ಯಾರೂ ಅದನ್ನು ದೂರುವುದಿಲ್ಲ. ಅಜ್ಜಿಯ ಕಾಲದಿಂದ ಬಂದದ್ದೆಲ್ಲ ನಿರಪಾಯ ಎಂಬ ನಂಬಿಕೆಯನ್ನು ಸಂಘದ ಮೊದಲ ಸಭೆಯಲ್ಲೇ ಬದಿಗಿಡಬೇಕು ಎಂದು ನಾನು ಹೇಳುವುದು ಇದಕ್ಕಾಗಿ.

ಹತ್ತು ಜನರಲ್ಲಿ ಒಬ್ಬೊಬ್ಬರೂ ಎರಡೆರಡು ಗಿಡಗಳನ್ನು ವಹಿಸಿಕೊಳ್ಳಿ. ಅವುಗಳನ್ನು ಮೊಳಕೆಯಿಂದ ಕಾಯಿವರೆಗೆ ಒಂದು ವರ್ಷ ನೋಡಿ, ಎಲೆ ಹೂವುಗಳ ಸಹಿತ ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಹೊಲಿದು ಇಡಿ. ಜೊತೆಗೆ ಒಂದು ದೊಡ್ಡ ನೋಟ್‌ಪುಸ್ತಕದಲ್ಲಿ ನಿಮ್ಮೂರಿನಲ್ಲಿ ಅದಕ್ಕಿರುವ ಹೆಸರು, ಪಕ್ಕದೂರಿನ ಹೆಸರು, ಶಾಸ್ತ್ರೀಯ ಹೆಸರು, ಬಳಸುವ ಭಾಗ, ಪ್ರಮಾಣ, ಯಾರು ಹೇಳಿದರು, ಯಾರಿಗೆ ಕೊಡಬಾರದು ಎಂಬುದನ್ನು ಬರೆಯಿರಿ. ಕೊನೆಯ ಅಂಕಣವನ್ನು ಖಾಲಿ ಬಿಟ್ಟ ಗಿಡವನ್ನು ಬಳಕೆಗೆ ತರುವುದಿಲ್ಲ ಎಂದು ಸಂಘದಲ್ಲೇ ನಿರ್ಣಯ ಮಾಡಿಕೊಳ್ಳಬಹುದು. ಅಮೃತಬಳ್ಳಿಯ ಉದಾಹರಣೆ ನೋಡಿ: ಬೇವಿನ ಮರಕ್ಕೆ ಹಬ್ಬಿದ ಅಸಲಿ ಬಳ್ಳಿಯ ಕಾಂಡ ಹಸಿರಾಗಿದ್ದು, ಮುರಿದರೆ ಹಾಲು ಬರುವುದಿಲ್ಲ; ಅದನ್ನೇ ಹೋಲುವ ಇನ್ನೊಂದು ಜಾತಿಯ ಕಾಂಡ ಬೂದು ಬಣ್ಣಕ್ಕೆ ತಿರುಗಿ ತುಂಬ ಗುಬುಟುಗಳಿರುತ್ತವೆ, ಮುರಿದರೆ ಹಾಲಿನಂಥ ದ್ರವ ಒಸರುತ್ತದೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಯಕೃತ್ತಿಗೆ ಪೆಟ್ಟಾಯಿತೆಂಬ ವರದಿಗಳು ಬಂದಾಗ ಆಯುಷ್ ಸಚಿವಾಲಯ ಈ ಎರಡರ ವ್ಯತ್ಯಾಸವನ್ನು ವಿವರಿಸಿ ಪ್ರಕಟಣೆ ನೀಡಬೇಕಾಯಿತು. ಅಸಲಿಯನ್ನೂ ತಿಂಗಳುಗಟ್ಟಲೆ ಕುಡಿಯುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಕಲಿಸುವವರು ನಿಮ್ಮ ಸುತ್ತಲೇ ಇದ್ದಾರೆ. ಊರಿನ ಹಿರಿಯ ನಾಟಿ ವೈದ್ಯರು, ಸೂಲಗಿತ್ತಿಯರು ಇದ್ದಾರೆ. ಅವರಷ್ಟೇ ಮುಖ್ಯರಾದವರು ಕುರಿಗಾಹಿಗಳು. ಯಾವ ಸೊಪ್ಪನ್ನು ಕುರಿ ಮುಟ್ಟುವುದಿಲ್ಲ, ಯಾವುದನ್ನು ತಿಂದರೆ ಹೊಟ್ಟೆ ಉಬ್ಬುತ್ತದೆ ಎಂಬುದನ್ನು ಅವರಷ್ಟು ನಿಖರವಾಗಿ ಬಲ್ಲವರಿಲ್ಲ. ಕೆಲವರು ತಮ್ಮ ಮದ್ದಿನ ಗುಟ್ಟು ಬಿಟ್ಟುಕೊಡುವುದಿಲ್ಲ, ಒತ್ತಾಯ ಮಾಡಬೇಡಿ. ಹೇಳಿದವರ ಒಪ್ಪಿಗೆ ಇದ್ದರೆ ಮಾತ್ರ ಬರೆದುಕೊಂಡು, ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲಾತಿಯಲ್ಲಿ ಅವರ ಹೆಸರಿನಲ್ಲೇ ಸೇರಿಸಲು ಕೇಳಿ. 2002ರ ಜೀವವೈವಿಧ್ಯ ಕಾಯ್ದೆ ಆ ಸಮಿತಿಯನ್ನು ರಚಿಸಿರುವುದೇ ಇಂಥದ್ದಕ್ಕಾಗಿ. ಒಣಗಿಸಿಟ್ಟ ಮಾದರಿಗಳ ಗುರುತನ್ನು ಖಚಿತಪಡಿಸಿಕೊಳ್ಳಲು ಕೊಪ್ಪಳದ ಗವಿಸಿದ್ಧೇಶ್ವರ ಆಯುರ್ವೇದ ಮಹಾವಿದ್ಯಾಲಯಕ್ಕೋ, ಬಳ್ಳಾರಿಯ ತಾರಾನಾಥ ಸರ್ಕಾರಿ ಆಯುರ್ವೇದ ಮಹಾವಿದ್ಯಾಲಯಕ್ಕೋ ಹೋಗಿ ಮೂಲಿಕೆಗಳ ಗುರುತು, ಗುಣಗಳನ್ನು ಕಲಿಸುವ ದ್ರವ್ಯಗುಣ ವಿಭಾಗದವರನ್ನು ಕಾಣಿರಿ. ಔಷಧಿ ಸಸ್ಯಗಳ ತೋಟವನ್ನೂ ತೋರಿಸುವಂತೆ ಕೇಳಿ. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿ, ತುಂಗಭದ್ರೆಯ ದಂಡೆಯ ಪ್ರೇಮಾಯತನದಲ್ಲಿ ರೋಗಿಗಳಿಗೆ ಆಯುರ್ವೇದ ಚಿಕಿತ್ಸೆ ನೀಡುತ್ತಿದ್ದ ಪಂಡಿತ ತಾರಾನಾಥರ ಹೆಸರನ್ನು ಬಳ್ಳಾರಿಯ ಈ ಕಾಲೇಜಿಗೆ ಇಟ್ಟಿದ್ದಾರೆ ಎಂಬುದು ನಮ್ಮ ಭಾಗದ ಬಹಳ ಜನರಿಗೆ ಮರೆತೇ ಹೋಗಿದೆ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿಯುವ ಹೊತ್ತಿಗೆ, ಅರಣ್ಯ ಇಲಾಖೆಯ ಅನುಮತಿ ಪಡೆದು ಸಂಡೂರಿನ ಔಷಧಿ ಸಸ್ಯ ಸಂರಕ್ಷಣಾ ಪ್ರದೇಶಕ್ಕೂ ಹೋಗಿಬರಬಹುದು. ನೋಡಲು ಮಾತ್ರ, ಅಲ್ಲಿಂದ ಒಂದು ಬೇರನ್ನೂ ಕಿತ್ತು ತರುವಂತಿಲ್ಲ.

ಕಲಿತದ್ದನ್ನು ಮೊದಲು ಬಳಸಬೇಕಾದ ಜಾಗ ದನದ ಕೊಟ್ಟಿಗೆ. ಹಸು ಎಮ್ಮೆಗಳ ಕೆಚ್ಚಲು ಬಾವಿಗೆ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುತ್ತಿರುವ ಲೇಪವೊಂದಿದೆ: 250 ಗ್ರಾಂ ಲೋಳೆಸರ, 50 ಗ್ರಾಂ ಅರಿಸಿನ ಪುಡಿ, 15 ಗ್ರಾಂ ಸುಣ್ಣವನ್ನು ಸೇರಿಸಿ ನುಣ್ಣಗೆ ರುಬ್ಬಿದರೆ ಕೆಂಪು ಬಣ್ಣದ ಹಿಟ್ಟಾಗುತ್ತದೆ. ಕೆಚ್ಚಲನ್ನು ತೊಳೆದು, ಹಾಲು ಪೂರ್ತಿ ಹಿಂಡಿ ಚೆಲ್ಲಿ, ಒಂದು ಹಿಡಿಯಷ್ಟು ಹಿಟ್ಟನ್ನು 150ರಿಂದ 200 ಮಿಲಿಲೀಟರ್ ನೀರಿನಲ್ಲಿ ತೆಳುಮಾಡಿ, ಕೆಚ್ಚಲಿನ ತುಂಬ ಹಚ್ಚಬೇಕು. ದಿನಕ್ಕೆ ಎಂಟು ಹತ್ತು ಸಲ, ಐದು ದಿನ ಹೀಗೆ ಮಾಡಬೇಕು, ಜೊತೆಗೆ ದಿನಕ್ಕೆ ಎರಡು ನಿಂಬೆಹಣ್ಣನ್ನು ಹೆಚ್ಚಿ ಮೂರು ದಿನ ತಿನ್ನಿಸಬೇಕು. ದಿನಕ್ಕೆ ಹತ್ತು ಸಲ ಎಂಬಲ್ಲೇ ಹೆಚ್ಚಿನವರು ಸೋಲುತ್ತಾರೆ. ಬೆಳಿಗ್ಗೆ ಸಂಜೆ ಎರಡು ಸಲ ಹಚ್ಚಿ, ನಾಟಿ ಔಷಧಿ ಕೆಲಸಕ್ಕೆ ಬರುವುದಿಲ್ಲ ಎನ್ನುತ್ತಾರೆ. ಆರಂಭದ ಬಾವಿಗೆ ಇದು ಒಗ್ಗುತ್ತದೆ. ಜ್ವರ ಬಂದು ಮೇವು ಬಿಟ್ಟಿದ್ದರೆ, ಹಾಲಿನಲ್ಲಿ ರಕ್ತ ಕಂಡರೆ, ಎರಡು ದಿನದಲ್ಲಿ ಬಾವು ಇಳಿಯದಿದ್ದರೆ ಪಶುವೈದ್ಯರನ್ನು ಕರೆಸಲೇಬೇಕು. ರುಬ್ಬಲು ಬೇಕಾದ ಲೋಳೆಸರ ಹಿತ್ತಲಲ್ಲಿ ಹತ್ತಿಪ್ಪತ್ತು ಗಿಡವಿದ್ದರೆ ಇಡೀ ಸಂಘಕ್ಕೆ ಸಾಕು.

ಬೆಳೆಯ ಮಟ್ಟಿಗೆ ಬೇವಿನ ಬೀಜದ ಕಷಾಯ ಕಲಿಯಿರಿ. ಬೇಸಿಗೆಯ ಕೊನೆಗೆ ಉದುರುವ ಬೇವಿನ ಹಣ್ಣನ್ನು ಆಯ್ದು, ತಿರುಳು ತೊಳೆದು, ನೆರಳಲ್ಲಿ ಒಣಗಿಸಿ, ಆ ವರ್ಷದ ಬೀಜವನ್ನು ಆ ವರ್ಷವೇ ಬಳಸಬೇಕು. ಸಿಪ್ಪೆ ತೆಗೆದ 5 ಕಿಲೋ ಬೀಜವನ್ನು ಕುಟ್ಟಿ ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, 100 ಲೀಟರಿಗೆ ನೀರು ಸೇರಿಸಿ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿದರೆ ಅದು ಶೇಕಡ 5ರ ಕಷಾಯ. ಹುಳು ಕಣ್ಣಿಗೆ ಬಿದ್ದ ಮೇಲೆ ಹೊಡೆದು ಮಾರನೆಯ ದಿನ ಸಾಯಲಿ ಎಂದು ಕಾಯುವ ಔಷಧಿ ಇದಲ್ಲ. ಮೊಟ್ಟೆ, ಎಳೆ ಮರಿಗಳ ಹಂತದಲ್ಲೇ ಹೊಡೆಯಬೇಕು.

ಮನುಷ್ಯರ ವಿಚಾರದಲ್ಲಿ ನಿಮ್ಮ ಗಡಿ ಚಿಕ್ಕದಿರಲಿ. ಶೀತಕ್ಕೆ ತುಳಸಿ, ಶುಂಠಿ, ಮೆಣಸಿನ ಕಷಾಯ, ಮೈಕೈ ನೋವಿಗೆ ಲಕ್ಕಿ ಸೊಪ್ಪು ಕುದಿಸಿದ ನೀರಿನ ಕಾವು, ಇಂಥವನ್ನು ಮನೆಯೊಳಗೆ ಬಳಸಿ. ಹಾವು, ಚೇಳು ಕಡಿದವರಿಗೆ, ಎಳೆಗೂಸುಗಳಿಗೆ, ಗರ್ಭಿಣಿಯರಿಗೆ, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಮಾತ್ರೆ ನುಂಗುವವರಿಗೆ ಸಂಘದಿಂದ ಏನನ್ನೂ ಕೊಡಬೇಡಿ. ಹಾವಿನ ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದೊಂದೇ ಔಷಧಿ, ಅದು ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆ.

ಇನ್ನು ಮಾರುವ ಬೆಳೆ. ನಿಮ್ಮ ಮಸಾರಿಗೆ ನಾನು ಸೂಚಿಸುವುದು ಅಶ್ವಗಂಧವನ್ನು, ಅದೂ ಮೊದಲ ವರ್ಷ ಅರ್ಧ ಎಕರೆಯಲ್ಲಿ ಮಾತ್ರ, ಬೆಳೆಯುವುದನ್ನು ಕಲಿಯಲು. ಸ್ಪರ್ಧೆಗೆ ಬಿದ್ದು ಎರಡೂ ಎಕರೆಗೆ ಹಾಕಬೇಡಿ, ಉಳಿದದ್ದರಲ್ಲಿ ತೊಗರಿಯೋ ಸಜ್ಜೆಯೋ ಇರಲಿ. ಅಶ್ವಗಂಧ ನೀರು ಬಸಿದುಹೋಗುವ ಹಗುರ ಮಣ್ಣನ್ನು, ಕಡಿಮೆ ಮಳೆಯನ್ನು ಬಯಸುವ ಬೆಳೆ. ನೀರು ನಿಂತರೆ ಬೇರು ಕೊಳೆಯುತ್ತದೆ, ಹಾಗಾಗಿ ತಗ್ಗಿನ ಎರೆಯಲ್ಲಿ ಅದರ ಮಾತೇ ಬೇಡ. ಎರಚಿ ಬಿತ್ತಿದರೆ ಎಕರೆಗೆ ನಾಲ್ಕರಿಂದ ಐದು ಕಿಲೋ ಬೀಜ ಬೇಕು. ಬಿತ್ತಿದ 150ರಿಂದ 180 ದಿನಕ್ಕೆ, ಎಲೆ ಒಣಗಿ ಕಾಯಿ ಕೆಂಪಾದಾಗ, ಬೇರು ಕೀಳಬೇಕು. ಮಳೆಯಾಶ್ರಯದಲ್ಲಿ ಎಕರೆಗೆ ಒಂದೂವರೆಯಿಂದ ಎರಡು ಕ್ವಿಂಟಲ್ ಒಣ ಬೇರು ಬಂದರೆ ಒಳ್ಳೆಯ ಬೆಳೆಯೆಂದೇ ತಿಳಿಯಬೇಕು. ಬೇರು ಕೀಳುವುದು, ತೊಳೆಯುವುದು, ಕತ್ತರಿಸುವುದು, ಒಣಗಿಸುವುದು, ದಪ್ಪ ಸಣ್ಣ ಎಂದು ವಿಂಗಡಿಸುವುದು ಈ ಬೆಳೆಯ ದೊಡ್ಡ ಖರ್ಚು. ಕೂಲಿ ಹಚ್ಚಿದರೆ ಲಾಭವೆಲ್ಲ ಅದಕ್ಕೇ ಹೋಗುತ್ತದೆ. ಹತ್ತು ಜನ ಮುಯ್ಯಾಳಾಗಿ ಒಬ್ಬರ ಹೊಲದ ನಂತರ ಇನ್ನೊಬ್ಬರ ಹೊಲದಲ್ಲಿ ದುಡಿಯುವುದಾದರೆ ಲೆಕ್ಕ ಬದಲಾಗುತ್ತದೆ, ಒಟ್ಟಾಗಿ ಕಲಿಯುವುದರ ನಿಜವಾದ ಲಾಭ ನನಗೆ ಕಾಣುವುದು ಇಲ್ಲೇ. ಬೆಲೆಯ ಅಂದಾಜಿಗೆ ಮಧ್ಯಪ್ರದೇಶದ ನೀಮಚ್ ಮಾರುಕಟ್ಟೆಯ ದರವನ್ನು ಬಿತ್ತುವ ಮುಂಚೆಯೂ ಕೀಳುವ ಮುಂಚೆಯೂ ವಿಚಾರಿಸಿ. ಆ ದರ ವರ್ಷದಿಂದ ವರ್ಷಕ್ಕೆ ಬಹಳ ಏರಿಳಿಯುತ್ತದೆ. ಬೆಳೆದವರೆಂಬ ಕಾರಣಕ್ಕೆ ಬೇರಿನ ಪುಡಿಯನ್ನು ಊರಿಗೆಲ್ಲ ಹಂಚಬೇಡಿ: ಗರ್ಭಿಣಿಯರಿಗೆ ಅದು ನಿಷಿದ್ಧ, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಕಂಪನಿಯವರ ಮಾತಿನಲ್ಲಿ ನನಗೆ ಅನುಮಾನ ಹುಟ್ಟಿಸಿದ್ದು ಅಶ್ವಗಂಧದ ಸಸಿ ಎಂಬುದು. ಹೊಲದಲ್ಲಿ ಅಶ್ವಗಂಧವನ್ನು ಸಾಮಾನ್ಯವಾಗಿ ಬೀಜ ಬಿತ್ತಿಯೇ ಬೆಳೆಯುತ್ತಾರೆ. ಸಸಿಗೆ ಇಷ್ಟೆಂದು ಹಣ ಕೇಳುವವರ ಲಾಭ ಸಸಿಯಲ್ಲೇ ಮುಗಿದಿರುತ್ತದೆ, ನಿಮ್ಮ ಬೇರನ್ನು ಕೊಳ್ಳುವ ಅಗತ್ಯ ಅವರಿಗಿರುವುದಿಲ್ಲ. ಸಫೇದ್ ಮುಸಲಿ ಎಂಬ ಇನ್ನೊಂದು ಔಷಧಿ ಬೆಳೆಯ ಗೆಡ್ಡೆಯನ್ನು ಬಂಗಾರದ ಬೆಲೆಗೆ ಕೊಂಡು ಕೈಸುಟ್ಟುಕೊಂಡ ರೈತರು ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಕಡಿಮೆ ಇಲ್ಲ. ಲೋಳೆಸರದ ತೊಡಕು ಬೇರೆ. ಎಲೆ ಕೊಯ್ದ ಕೆಲವೇ ಗಂಟೆಗಳಲ್ಲಿ ಅದರ ತಿರುಳು ಕೆಡಲು ತೊಡಗುವುದರಿಂದ, ಹತ್ತಿರದಲ್ಲಿ ಸಂಸ್ಕರಣಾ ಘಟಕವಿಲ್ಲದೆ ಎಕರೆಗಟ್ಟಲೆ ಬೆಳೆದವರು ಕೊನೆಗೆ ಟ್ರ್ಯಾಕ್ಟರ್ ಹೊಡೆಸಿ ಕಿತ್ತುಹಾಕಬೇಕಾಗುತ್ತದೆ. ಆ ಕಂಪನಿಯವರೊಂದಿಗೆ ವ್ಯವಹರಿಸಲೇಬೇಕೆಂದಿದ್ದರೆ ಮುಂಗಡ ಹಣ ಕೊಡದೆ, ಕನಿಷ್ಠ ಬೆಲೆ, ಬೇರಿನ ದರ್ಜೆ, ಸಾಗಣೆಯ ಖರ್ಚು ಯಾರದು, ಹಣ ಎಷ್ಟು ದಿನದಲ್ಲಿ ಎಂಬುದನ್ನೆಲ್ಲ ಕನ್ನಡದಲ್ಲಿ ಬರೆದ ಕರಾರು ಕೇಳಿ, ಅವರು ಈಗಾಗಲೇ ಬೆಳೆ ಕೊಂಡಿರುವ ಐದಾರು ರೈತರ ಮನೆಗೆ ನೀವೇ ಹೋಗಿ ವಿಚಾರಿಸಿ. ರಾಜ್ಯದ ಔಷಧಿ ಗಿಡಮೂಲಿಕೆ ಪ್ರಾಧಿಕಾರದಲ್ಲಿಯೂ ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿಯೂ ಆ ವರ್ಷ ಸಹಾಯಧನವಿರುವ ಬೆಳೆಗಳ ಪಟ್ಟಿ ಕೇಳಬಹುದು. ಆದರೆ ಸಹಾಯಧನವಿದೆ ಎಂಬ ಒಂದೇ ಕಾರಣಕ್ಕೆ ಬೆಳೆ ಆರಿಸಬೇಡಿ.

ತೈಲ, ಪುಡಿ ಮಾಡಿ ಮಾರುವ ವಿಚಾರದಲ್ಲಿ ಕಾನೂನು ಸ್ಪಷ್ಟವಿದೆ. ಒಣಗಿಸಿದ ಬೇರು, ಎಲೆ, ಬೀಜವನ್ನು ಕೃಷಿ ಉತ್ಪನ್ನವಾಗಿ ಮಾರುವುದು ಒಂದು; ರೋಗ ವಾಸಿಯಾಗುತ್ತದೆಂದು ಬಾಟಲಿಗೆ ಚೀಟಿ ಹಚ್ಚಿ ಮಾರುವುದು ಇನ್ನೊಂದು. ಎರಡನೆಯದಕ್ಕೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಡಿ ತಯಾರಿಕಾ ಪರವಾನಗಿ ಬೇಕು, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮುಂತಾದವು ಗುಣವಾಗುತ್ತವೆಂದು ಜಾಹೀರಾತು ನೀಡುವುದು 1954ರ ಇನ್ನೊಂದು ಕಾಯ್ದೆಯ ಪ್ರಕಾರ ಅಪರಾಧ. ಹೀಗಾಗಿ ಸಂಘದ ಹೆಸರಿನಲ್ಲಿ ಸದ್ಯಕ್ಕೆ ಒಣ ಮೂಲಿಕೆಯನ್ನೇ ಮಾರಿ. ತೇವಾಂಶ ಶೇಕಡ 10ಕ್ಕಿಂತ ಕೆಳಗೆ ಬರುವಂತೆ ಒಣಗಿಸಿ, ನೆಲಕ್ಕೆ ತಾಗದಂತೆ ಗೋಣಿಚೀಲದಲ್ಲಿ ಕಟ್ಟಿ, ಚೀಲದ ಮೇಲೆ ಗಿಡದ ಹೆಸರು, ಹೊಲ, ಕಿತ್ತ ತಿಂಗಳು ಬರೆಯಿರಿ. ಅದು ಬೆಳೆಸಿದ ಮೂಲಿಕೆಯೇ ಹೊರತು ಕಾಡಿನಿಂದ ತಂದದ್ದಲ್ಲ ಎಂಬ ಮೂಲದ ಪ್ರಮಾಣಪತ್ರವನ್ನು ಕೊಳ್ಳುವವರು ಕೇಳಬಹುದು. ಜೀವವೈವಿಧ್ಯ ಕಾಯ್ದೆಯ 2023ರ ತಿದ್ದುಪಡಿಯ ನಂತರ ಅದಕ್ಕೂ ಪಂಚಾಯಿತಿಯ ಜೀವವೈವಿಧ್ಯ ಸಮಿತಿಯನ್ನೇ ಕಾಣಬೇಕಾದ್ದರಿಂದ, ಬಿತ್ತಿದ ದಿನವೇ ಸಮಿತಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಿ.